ಬೆಳವಣಿಗೆ ಮತ್ತು ಆಕೃತಿ: ಲಂಡನ್ನಿನ ಒಂದು ಪ್ರದರ್ಶನದ ಪಾಠ

ಪ್ರಕೃತಿಯಿಂದ ಕಲಾವಿದನು ಕಲಿಯಬೇಕಾದುದೇನು ಎಂಬ ಪ್ರಶ್ನೆ ಹೊಸದಲ್ಲ. ಹೂವು, ಬಳ್ಳಿ, ಹಂಸ, ಮಾವಿನಕಾಯಿ ಇವು ಸೀರೆಯ ಸೆರಗಿನ ಮೇಲೂ ದೇಗುಲದ ಭಿತ್ತಿಯ ಮೇಲೂ ಶತಮಾನಗಳಿಂದ ನೆಲೆಗೊಂಡಿವೆ. ಆದರೆ ಹೂವಿನ ರೂಪವನ್ನು ಎತ್ತಿಕೊಳ್ಳುವುದು ಒಂದು ಬಗೆ. ಹೂವು ಆ ರೂಪವನ್ನು ತಾಳಿದುದು ಹೇಗೆಂದು ಅರಿಯುವುದು ಮತ್ತೊಂದು ಬಗೆ. ಇವೆರಡರ ಭೇದವನ್ನು 1951ರ ಬೇಸಗೆಯಲ್ಲಿ ಲಂಡನ್ ನಗರದಲ್ಲಿ ನಡೆದ ಎರಡು ಪ್ರಯತ್ನಗಳು ಅಕ್ಕಪಕ್ಕದಲ್ಲಿಯೇ ಇರಿಸಿ ತೋರಿಸಿದುವು.

ಮಹಾಯುದ್ಧ ಮುಗಿದು ಆರು ವರ್ಷಗಳಾಗಿದ್ದುವು. 1851ರ ಮಹಾಪ್ರದರ್ಶನದ ಶತಮಾನೋತ್ಸವದ ನೆಪದಲ್ಲಿ ಬ್ರಿಟನ್ ಉತ್ಸವವು ಮೇ ತಿಂಗಳಲ್ಲಿ ಆರಂಭವಾಯಿತು. ಅದರ ಅಂಗವಾಗಿ ಕೈಗಾರಿಕಾ ವಿನ್ಯಾಸ ಮಂಡಲಿಯ ಮಾರ್ಕ್ ಹಾರ್ಟ್‌ಲೆಂಡ್ ಥಾಮಸರು ವಸ್ತ್ರ, ಗೋಡೆಕಾಗದ, ಪಿಂಗಾಣಿ, ಗಾಜು ಮೊದಲಾದವುಗಳ 25ಕ್ಕೂ ಹೆಚ್ಚು ತಯಾರಕರನ್ನು ಒಂದು ಕೂಟವಾಗಿ ಸಂಘಟಿಸಿದರು. ಆ ಕೂಟಕ್ಕೆ ಮಾದರಿಗಳು ದೊರೆತುದು ಸ್ಫಟಿಕಶಾಸ್ತ್ರದಿಂದ. ಕೇಂಬ್ರಿಜ್‌ನ ವಿಜ್ಞಾನಿ ಹೆಲೆನ್ ಮೆಗಾ ಅವರು ಇದಕ್ಕೆ ಹಲವು ವರ್ಷಗಳ ಹಿಂದೆಯೇ ಈ ಸಲಹೆಯನ್ನು ಮುಂದಿಟ್ಟಿದ್ದರು. ಕ್ಷ-ಕಿರಣಗಳು ಸ್ಫಟಿಕದಲ್ಲಿ ಚೆದರುವ ಬಗೆಯನ್ನು ಅಳೆದು, ಅದರೊಳಗೆ ಎಲೆಕ್ಟ್ರಾನುಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ವಿರಳವಾಗಿವೆ ಎಂಬುದನ್ನು ವಿಜ್ಞಾನಿಗಳು ಗುಡ್ಡಗಾಡಿನ ಭೂಪಟದ ಸಮೋನ್ನತಿ ರೇಖೆಗಳಂತೆ ಗುರುತಿಸುತ್ತಾರೆ. ಆ ನಕ್ಷೆಗಳ ಸೊಬಗು ಮೆಗಾ ಅವರ ಕಣ್ಣಿಗೆ ಬಿದ್ದಿತು. ಇನ್ಸುಲಿನ್, ಹಿಮೋಗ್ಲೋಬಿನ್, ಅಭ್ರಕ ಮುಂತಾದವುಗಳ ರಚನೆಗಳು ಪರದೆಗಳ ಮೇಲೆ, ತಟ್ಟೆಗಳ ಮೇಲೆ ಮೂಡಿದುವು. ಥೇಮ್ಸ್ ನದಿಯ ದಕ್ಷಿಣ ದಂಡೆಯ ರೆಗಾಟಾ ಉಪಾಹಾರಗೃಹವು ಇಂಥ ವಿನ್ಯಾಸಗಳಿಂದಲೇ ಅಲಂಕೃತವಾಯಿತು.

ಈ ಸಂಬಂಧ ಆಕಸ್ಮಿಕವಾದುದಲ್ಲ. ಸಮತಲದ ಮೇಲೆ ಎರಡು ದಿಕ್ಕಿಗೂ ಕೊನೆಯಿಲ್ಲದೆ ಪುನರಾವರ್ತನೆಗೊಳ್ಳುವ ಚಿತ್ರಗಳಲ್ಲಿ ಸಮ್ಮಿತಿಯ ಪ್ರಕಾರಗಳು 17 ಮಾತ್ರ ಇರಲು ಸಾಧ್ಯವೆಂದು ರಷ್ಯದ ಫೆಡೊರೊವ್ 1891ರಲ್ಲಿ ಸಿದ್ಧಪಡಿಸಿದ್ದನು. ಗೋಡೆಕಾಗದವನ್ನು ಅಚ್ಚುಮಾಡುವವನೂ ಸ್ಫಟಿಕದ ಪದರವನ್ನು ಪರೀಕ್ಷಿಸುವವನೂ ತಮಗರಿವಿಲ್ಲದೆಯೇ ಒಂದೇ ನಿಯಮಕ್ಕೆ ಅಧೀನರು. ಚುಕ್ಕಿಯಿಟ್ಟು ಅಂಗಳದಲ್ಲಿ ರಂಗವಲ್ಲಿ ಬಿಡಿಸುವ ಗೃಹಿಣಿಗೂ, ಅದೇ ಚಿತ್ರವನ್ನು ಎಲ್ಲ ದಿಕ್ಕಿಗೂ ಹಬ್ಬಿಸಹೊರಟರೆ, ಇದೇ ನಿಯಮ ಅನ್ವಯಿಸುತ್ತದೆ.

ಇತ್ತ ಡೋವರ್ ಬೀದಿಯ ಸಮಕಾಲೀನ ಕಲೆಗಳ ಸಂಸ್ಥೆಯಲ್ಲಿ ಜುಲೈ ತಿಂಗಳಲ್ಲಿ ಮತ್ತೊಂದು ಪ್ರದರ್ಶನ ತೆರೆಯಿತು. ಅದರ ಹೆಸರು 'ಬೆಳವಣಿಗೆ ಮತ್ತು ಆಕೃತಿ'. ಅದನ್ನು ರೂಪಿಸಿದವನು ಇಪ್ಪತ್ತೊಂಬತ್ತರ ತರುಣ ಕಲಾವಿದ ರಿಚರ್ಡ್ ಹ್ಯಾಮಿಲ್ಟನ್. ಉದ್ಘಾಟಿಸಿದವರು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ. ಹೆಸರೂ ಪ್ರೇರಣೆಯೂ ದೊರೆತುದು ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಡಾರ್ಸಿ ಥಾಂಪ್ಸನ್ನರು 1917ರಲ್ಲಿ ಪ್ರಕಟಿಸಿ, 1942ರಲ್ಲಿ ಸಾವಿರಕ್ಕೂ ಮಿಕ್ಕ ಪುಟಗಳಿಗೆ ವಿಸ್ತರಿಸಿದ ಉದ್ಗ್ರಂಥದಿಂದ.

ಜೀವಿಯ ಆಕೃತಿಯೆಂಬುದು ಅದರ ಮೇಲೆ ವರ್ತಿಸಿದ ಬಲಗಳ ಚಿತ್ರ ಎಂಬುದು ಥಾಂಪ್ಸನ್ನರ ಮೂಲ ಪ್ರಮೇಯ. ಶಂಖವು ತನ್ನ ಬಾಯಂಚಿನಲ್ಲಿ ಮಾತ್ರ ಬೆಳೆಯುತ್ತದೆ. ಪ್ರತಿಯೊಂದು ಹೊಸ ಭಾಗವೂ ಹಿಂದಿನದರ ಪ್ರಮಾಣವನ್ನೇ ಉಳಿಸಿಕೊಳ್ಳುವುದರಿಂದ ಗಾತ್ರ ಹಿಗ್ಗಿದರೂ ಆಕಾರ ಕೆಡುವುದಿಲ್ಲ. ಅದರಿಂದಲೇ ಸಮಕೋನ ಸುರುಳಿ ಉಂಟಾಗುತ್ತದೆ. ಸೀಳಿಟ್ಟ ತೊಡೆಯ ಮೂಳೆಯನ್ನು ನೋಡಿದ ಎಂಜಿನಿಯರ್ ಕುಲ್ಮನ್, ಅದರ ಒಳಜಾಲದಲ್ಲಿ ತಾನು ಲೆಕ್ಕಹಾಕುತ್ತಿದ್ದ ಕ್ರೇನ್ ಯಂತ್ರದ ಸೆಳೆತ ಒತ್ತಡಗಳ ರೇಖೆಗಳನ್ನೇ ಕಂಡು ಬೆರಗಾದ ಪ್ರಸಂಗವನ್ನು ಆ ಗ್ರಂಥವು ಹೇಳುತ್ತದೆ. ಡಯೊಡಾನ್ ಎಂಬ ಮೀನಿನ ಚಿತ್ರದ ಮೇಲೆ ಚೌಕುಳಿ ಜಾಲವನ್ನು ಎಳೆದು, ಆ ಜಾಲದ ಗೆರೆಗಳನ್ನು ಒಂದು ನಿಯಮದಂತೆ ಬಾಗಿಸಿದರೆ, ನೋಟಕ್ಕೆ ತೀರ ಬೇರೆಯಾದ ಸನ್‌ಫಿಷ್ ಮೀನಿನ ಮೈಕಟ್ಟು ಹೊರಬೀಳುವುದನ್ನೂ ಅದರಲ್ಲಿ ಕಾಣಬಹುದು.

ಹ್ಯಾಮಿಲ್ಟನ್ ಈ ವಿಚಾರವನ್ನು ಫಲಕಗಳ ಮೇಲೆ ಬರೆದು ತೂಗುಹಾಕಲಿಲ್ಲ. ನೋಟಕನನ್ನೇ ಅದರೊಳಗೆ ನಡೆಸಿದನು. ಸೂಕ್ಷ್ಮದರ್ಶಕದ ಛಾಯಾಚಿತ್ರಗಳು, ಕ್ಷ-ಕಿರಣದ ಚಿತ್ರಗಳು, ಅಸ್ಥಿಗಳು, ಮಾದರಿಗಳು ಕೊಠಡಿಯನ್ನು ತುಂಬಿದ್ದುವು. ಸ್ಫಟಿಕವು ಬೆಳೆಯುವ ಕ್ರಮವೂ, ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿ ಬಲಿಯುವ ಕ್ರಮವೂ ಚಲಚ್ಚಿತ್ರಗಳಾಗಿ ಪರದೆಗಳ ಮೇಲೆ ಓಡುತ್ತಿದ್ದುವು. ಅಣುವಿನಷ್ಟು ಕಿರಿದಾದುದು ಆಳೆತ್ತರಕ್ಕೆ ಹಿಗ್ಗಿ ನಿಂತಾಗ ಕಣ್ಣಿನ ರೂಢಿಯ ಅಳತೆಗೋಲು ಮುರಿಯುತ್ತದೆ. ಇದು ಯಾವ ವಸ್ತುವೆಂದು ಹೆಸರಿಡುವ ಮೊದಲೇ ಕಣ್ಣು ಅದರ ಸುರುಳಿಯನ್ನೋ ಕವಲನ್ನೋ ಜಾಲವನ್ನೋ ಗ್ರಹಿಸುತ್ತದೆ. ಇಲ್ಲಿ ಪ್ರಕೃತಿವಿಜ್ಞಾನವು ದೃಷ್ಟಿಗ್ರಹಣದ ಶಾಸ್ತ್ರವನ್ನು ಸಂಧಿಸಿತು. ಅದೇ ವರ್ಷ ಲಾನ್ಸೆಲಾಟ್ ಲಾ ವೈಟ್ ಸಂಪಾದಿಸಿದ 'ಆಕೃತಿಯ ಮುಖಗಳು' ಎಂಬರ್ಥದ ಹೆಸರಿನ ಲೇಖನಸಂಗ್ರಹದಲ್ಲಿ ಜೀವಶಾಸ್ತ್ರಜ್ಞರ ಜೊತೆಗೆ ರುಡಾಲ್ಫ್ ಆರ್ನ್‌ಹೈಮ್, ಗೊಂಬ್ರಿಚ್ ಮೊದಲಾದವರೂ ಬರೆದರು. ಕಣ್ಣು ಬಿಡಿಬಿಡಿ ಚುಕ್ಕಿಗಳನ್ನು ಕೂಡಿಸುವ ಯಂತ್ರವಲ್ಲ, ಅದು ಮೊದಲಿಗೇ ಸಮಗ್ರವನ್ನು ಹಿಡಿಯುತ್ತದೆ ಎಂಬ ಗೆಸ್ಟಾಲ್ಟ್ ಪಂಥದ ಮತವನ್ನು ಆರ್ನ್‌ಹೈಮ್ ಕಲೆಗೆ ಅನ್ವಯಿಸಿದರು. ಕೋಲು ಮಗುವಿಗೆ ಕುದುರೆಯಾಗುವುದು ಕುದುರೆಯ ಹೋಲಿಕೆಯಿಂದಲ್ಲ, ಸವಾರಿಗೆ ಒದಗುವುದರಿಂದ ಎಂಬುದು ಗೊಂಬ್ರಿಚರ ವಾದ.

ಎರಡು ಪ್ರಯತ್ನಗಳನ್ನೂ ಈಗ ತೂಗಿ ನೋಡಬಹುದು. ಮೊದಲನೆಯದು ಪ್ರಕೃತಿಯ ಫಲವನ್ನು ಎತ್ತಿಕೊಂಡಿತು. ಎರಡನೆಯದು ಪ್ರಕೃತಿಯ ಕ್ರಮವನ್ನು ಬಯಲಿಗಿಟ್ಟಿತು. ಪರದೆಯ ಮೇಲಿನ ಇನ್ಸುಲಿನ್ ಸುಂದರವಾದುದೇ ಸರಿ. ಆದರೆ ಅದನ್ನು ತೂಗುಹಾಕಿಕೊಂಡವನಿಗೆ ಅದು ಇನ್ಸುಲಿನ್ ಎಂದು ತಿಳಿಯದಿದ್ದರೂ ನಡೆಯುತ್ತದೆ. ಬಟ್ಟೆಯ ನೇಯ್ಗೆಗೂ ಅಣುವಿನ ಕಟ್ಟಿಗೂ ಕಾರಣಸಂಬಂಧವಿಲ್ಲ. ಮೂಳೆಯ ಪಾಠವನ್ನು ಕಲಿತ ಎಂಜಿನಿಯರನಾದರೋ ಮೂಳೆಯಂತೆ ಕಾಣದ ಸೇತುವೆಯನ್ನು ಕಟ್ಟಿಯೂ ಮೂಳೆಗೆ ಋಣಿಯಾಗಿರಬಲ್ಲನು.

ಹಾಗೆಂದು ಎರಡನೆಯ ದಾರಿ ನಿರಾತಂಕವಾದುದೆಂದು ಭಾವಿಸಲಾಗದು. ನದೀಮುಖದ ಕವಲುಗಳು, ಮಿಂಚು, ಮರ, ಶ್ವಾಸಕೋಶದ ನಾಳಗಳು ಇವನ್ನು ಸಾಲಾಗಿ ನಿಲ್ಲಿಸಿದರೆ ಕಣ್ಣು ಒಡನೆಯೇ ಬಂಧುತ್ವವನ್ನು ಸಾರುತ್ತದೆ. ಆದರೆ ನೋಟದ ಸಾದೃಶ್ಯ ಕಾರಣದ ಐಕ್ಯವಲ್ಲ. ಮಿಂಚು ಕವಲೊಡೆಯುವ ಕಾರಣ ಬೇರೆ, ಮರದ ಕಾರಣ ಬೇರೆ. ಥಾಂಪ್ಸನ್ನರು ಸಹ ಬಲಗಳ ಮಹತ್ತ್ವವನ್ನು ಎತ್ತಿಹಿಡಿಯುವ ಭರದಲ್ಲಿ ಅನುವಂಶೀಯತೆಯನ್ನು ಬದಿಗಿರಿಸಿದರು. ವಂಶವಾಹಿಗಳೂ ಭೌತಬಲಗಳೂ ಕೂಡಿಯೇ ಆಕೃತಿಯನ್ನು ಕಟ್ಟುತ್ತವೆಂಬುದು ಇಂದಿನ ತಿಳಿವಳಿಕೆ. ಕಣ್ಣು ಪ್ರಶ್ನೆಯನ್ನು ಎತ್ತಬಲ್ಲುದು. ಉತ್ತರವನ್ನು ಅಳತೆಯೇ ಹೇಳಬೇಕು.

ಈ ವಿಚಾರಸರಣಿಗೆ ಭಾರತದ ನಂಟು ಇಲ್ಲದಿಲ್ಲ. 1947ರ ಜನವರಿಯಲ್ಲಿ ದೆಹಲಿಯಲ್ಲಿ ನೆಹರೂ ಅವರ ಅಧ್ಯಕ್ಷತೆಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿಗೆ ಥಾಂಪ್ಸನ್ನರು ತಮ್ಮ 86ನೆಯ ವಯಸ್ಸಿನಲ್ಲಿ ಬಂದಿದ್ದರು, ಮರುವರ್ಷವೇ ತೀರಿಕೊಂಡರು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯು, ಈ ದೇಶದಲ್ಲಿ ಅವರು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಚೊಂಬಿಗೆ ಅಗ್ರಸ್ಥಾನವನ್ನಿತ್ತಿತು. ಯಾವನೊಬ್ಬನೂ ಚೊಂಬನ್ನು ಒಂದು ದಿನ ಕುಳಿತು ರೂಪಿಸಿದುದಲ್ಲ. ಹಿಡಿಯುವ ಕೈ, ಹಿಡಿಸುವ ನೀರು, ತುಂಬಿದಾಗಿನ ತೂಕ, ಸುರಿಯುವ ಧಾರೆ, ಬೆಳಗುವ ಬೂದಿ ಇವೆಲ್ಲ ತಲೆಮಾರುಗಳ ಕಾಲ ಅದರ ಮೇಲೆ ವರ್ತಿಸಿದ ಬಲಗಳು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಕನ್ನಡದಲ್ಲಿ ಈ ವಿಷಯವನ್ನು ಕುರಿತು ಬರೆಯುವವರು ರೂಪ, ಆಕಾರ, ಆಕೃತಿ ಎಂಬ ಮೂರು ಮಾತುಗಳನ್ನು ಬೆರೆಸದಿರುವುದು ಲೇಸು. ಕಣ್ಣಿಗೆ ತೋರುವುದು ರೂಪ. ಗೆರೆಯಿಂದ ಅಳೆಯಬಹುದಾದುದು ಆಕಾರ. ಒಳಗಿನ ಬೆಳವಣಿಗೆಯಿಂದ ಕೈಗೂಡಿದುದು ಆಕೃತಿ ಎಂದು ವಿಂಗಡಿಸಿಕೊಂಡರೆ, 1951ರ ಎರಡು ಪ್ರಯತ್ನಗಳ ಅಂತರವೂ ತಾನಾಗಿ ತಿಳಿಯಾಗುತ್ತದೆ. ಹ್ಯಾಮಿಲ್ಟನ್ 2011ರಲ್ಲಿ ನಿಧನನಾದನು. 2014ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಶಾಲೆಯಲ್ಲಿ ಅವನ ಕೃತಿಗಳ ಸಿಂಹಾವಲೋಕನ ಏರ್ಪಟ್ಟಾಗ ಆ ಹಳೆಯ ಕೊಠಡಿಯನ್ನು ಮತ್ತೆ ಕಟ್ಟಿ ತೋರಿಸಲಾಯಿತು. ಪ್ರದರ್ಶನವೂ ಒಂದು ಆಕೃತಿಯೇ. ಅದರ ಹಿಂದಿನ ವಿಚಾರ ಜೀವಂತವಾಗಿದ್ದರೆ ಅದು ಮರಳಿ ಬೆಳೆಯಬಲ್ಲುದು.