ಒಳಚರಂಡಿಯಿಂದ ಅಧಿಕಾರದವರೆಗೆ

ಬಾರ್ಸಿಲೋನಾ ಎಂದೊಡನೆ ಎಲ್ಲರಿಗೂ ನೆನಪಾಗುವವರು ವಾಸ್ತುಶಿಲ್ಪಿ ಗೌಡಿ. ಆಡಳಿತ ಸೇವೆಯಲ್ಲಿ ಆಯುಷ್ಯ ಸವೆಸಿದ ನನ್ನನ್ನು ಕಾಡುವವರು ಅವರ ಸಮಕಾಲೀನ ಜೋಸೆಪ್ ಪುಚ್ ಇ ಕಾದಾಫಾಲ್ಕ್. 1892ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಹುಟ್ಟೂರಾದ ಮತಾರೋದ ಪುರಸಭೆಗೆ ವಾಸ್ತುಶಿಲ್ಪಿಯಾದ ಅವರು ಅಲ್ಲಿ ಒಳಚರಂಡಿಯ ಯೋಜನೆ ರೂಪಿಸಿದರು. ನೆಲದಡಿಯ ಕೊಳವೆಗಳಿಗೆ ಯಾರೂ ಶಿಲಾಫಲಕ ನಿಲ್ಲಿಸುವುದಿಲ್ಲ, ಆ ಮಾತು ಬೇರೆ. ಬಾರ್ಸಿಲೋನಾದಲ್ಲಿ ಚಾಕೊಲೇಟು ಉದ್ಯಮಿಯೊಬ್ಬರಿಗೆ ಅವರು ಕಟ್ಟಿಕೊಟ್ಟ ಮನೆ ಇಂದಿಗೂ ಗೌಡಿಯವರ ಕಟ್ಟಡವೊಂದಕ್ಕೆ ಅಂಟಿಕೊಂಡೇ ನಿಂತಿದೆ.

1901ರಲ್ಲಿ ಪ್ರಾದೇಶಿಕವಾದಿ ಪಕ್ಷದಿಂದ ಬಾರ್ಸಿಲೋನಾ ನಗರಸಭೆಗೆ ಆಯ್ಕೆಯಾದ ಪುಚ್, 1917ರಲ್ಲಿ ಕ್ಯಾಟಲೋನಿಯಾದ ನಾಲ್ಕು ಪ್ರಾಂತಗಳ ಒಕ್ಕೂಟಕ್ಕೆ ಅಧ್ಯಕ್ಷರಾದರು. ಶಾಲೆ, ಗ್ರಂಥಾಲಯ, ರಸ್ತೆ, ದೂರವಾಣಿ ಇವೇ ಅದರ ಕಾಯಕ.

1923ರ ಸೆಪ್ಟೆಂಬರಿನಲ್ಲಿ ಸೇನಾನಿ ಪ್ರಿಮೊ ದೆ ರಿವೇರಾ ಅಧಿಕಾರ ಕಸಿದುಕೊಂಡಾಗ ಪುಚ್ ಅದನ್ನು ಸ್ವಾಗತಿಸಿದರು. ಮುಷ್ಕರ, ಬೀದಿಯ ಗುಂಡೇಟುಗಳಿಂದ ತತ್ತರಿಸಿದ್ದ ನಗರಕ್ಕೆ ಶಿಸ್ತು ಬಂದೀತೆಂಬ ನಿರೀಕ್ಷೆ. ಕಡತಗಳ ನಡುವೆ ಬಾಳಿದವರಿಗೆ ಈ ಮೋಹ ಅಪರಿಚಿತವಲ್ಲ; ನಾನೂ ಅದರಿಂದ ಮುಕ್ತನಾಗಿರಲಿಲ್ಲ. ಕೆಲವೇ ತಿಂಗಳಲ್ಲಿ ಅವರು ಹುದ್ದೆ ತೊರೆಯಬೇಕಾಯಿತು. 1925ರಲ್ಲಿ ಒಕ್ಕೂಟವೇ ರದ್ದಾಯಿತು. ಕ್ಯಾಟಲನ್ ಧ್ವಜದ ಪಟ್ಟಿಗಳ ಸಂಕೇತವಾಗಿ 1919ರಲ್ಲಿ ಅವರು ಮೊಂಜುಯಿಕ್ ಗುಡ್ಡದಲ್ಲಿ ನಿಲ್ಲಿಸಿದ್ದ ನಾಲ್ಕು ಕಂಬಗಳನ್ನು 1928ರಲ್ಲಿ ಅದೇ ಆಡಳಿತ ಕೆಡವಿಸಿತು. ಅವುಗಳ ಪ್ರತಿಕೃತಿ ಎದ್ದು ನಿಂತದ್ದು 2010ರಲ್ಲಿ, ಪುಚ್ ತೀರಿಕೊಂಡು 54 ವರ್ಷಗಳಾದ ಮೇಲೆ.