ಹಿಡಿಯ ಬೆಲೆ

ಮಹಾನವಮಿಯ ಆಯುಧಪೂಜೆಯನ್ನು ಗುಜರಾತಿಗೆ ಬಂದು ನೆಲೆಸಿದ ನಾವು ಬಿಟ್ಟಿಲ್ಲ. ಈಗ ಪೂಜೆಗೆ ಬರುವುದು ಬಹುಮಟ್ಟಿಗೆ ಸ್ಕೂಟರು, ಕಾರು, ಅಡಿಗೆಮನೆಯ ಚಾಕು. ಆದರೂ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಬಾಕು, ಕೊಡಗಿನವರಾದರೆ ಬೆಳ್ಳಿಯ ಕಟ್ಟಿನ ಪೀಚೆಕತ್ತಿ, ಇಲ್ಲವೆ ರಿವಾಲ್ವರಿನಿಂದ ಕಳಚಿಟ್ಟ ಹಿಡಿಯ ಎರಡು ಹೋಳುಗಳು ಪೆಟ್ಟಿಗೆಯ ತಳದಿಂದ ಹೊರಬರುವುದುಂಟು. ಆಗ ಏಳುವ ಪ್ರಶ್ನೆಗಳು ಎರಡು: ಈ ಹಿಡಿ ಯಾವುದರಿಂದ ಮಾಡಿದ್ದು? ಮಾರಿದರೆ ಎಷ್ಟು ಬಂದೀತು? ಮೊದಲನೆಯದನ್ನು ತಿಳಿಯದೆ ಎರಡನೆಯದನ್ನು ಕೇಳಹೊರಟವರು ಮೋಸಹೋಗುವುದೇ ಹೆಚ್ಚು.

ಈ ವಿದ್ಯೆಯನ್ನು ಕಲಿಯಲು ನಾವಿರುವ ಸೀಮೆ ಬಲು ಅನುಕೂಲವಾದದ್ದು. 16ನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ ದುವಾರ್ತೆ ಬಾರ್ಬೊಸನು ಖಂಭಾತಿನಲ್ಲಿ ದಂತದಿಂದ ಚಾಕು ಕಠಾರಿಗಳಿಗೆ ಹಿಡಿ ಮಾಡುವುದನ್ನು ಬರೆದಿಟ್ಟಿದ್ದಾನೆ. ರಾಜಪೀಪಳೆ ಕಡೆಯ ರತನಪುರದ ಅಕೀಕ್ ಕಲ್ಲನ್ನು ಕಾಯಿಸಿ ಕೆಂಪೇರಿಸುವ ಕಸುಬೂ ಖಂಭಾತಿನದೇ. ದಂತ, ಕೊಂಬು, ಮರಗಳ ಸಣ್ಣ ಚೂರುಗಳನ್ನು ಜೋಡಿಸಿ ಪೆಟ್ಟಿಗೆಗಳಿಗೆ ಹೊದಿಸುವ ಸದೇಲಿ ಕೆಲಸಕ್ಕೆ ಸೂರತ್ ಹೆಸರಾಗಿತ್ತು. ವಡೋದರದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಹಳೆಯ ಆಯುಧಗಳನ್ನು ಇಟ್ಟಿದ್ದಾರೆ. ಅಲ್ಲಿ ಅಲಗನ್ನು ನೋಡಿದಷ್ಟೇ ಶ್ರದ್ಧೆಯಿಂದ ಹಿಡಿಯನ್ನೂ ನೋಡಬೇಕು.

ಗುರುತಿಸುವ ಬಗೆ ಕಷ್ಟದ್ದಲ್ಲ; ಒಂದು ಭೂತಗನ್ನಡಿ, ಒಳ್ಳೆಯ ಬೆಳಕು ಸಾಕು. ಆನೆಯ ದಂತವಾದರೆ ಅಡ್ಡ ಕೊಯ್ದ ತುದಿಯಲ್ಲಿ ಒಂದನ್ನೊಂದು ದಾಟುವ ಬಲೆಯಂಥ ನವುರು ಗೆರೆಗಳು ಕಾಣುತ್ತವೆ. ಎಲುಬಾದರೆ ಕಪ್ಪು ಚುಕ್ಕೆಗಳೂ ಸಣ್ಣ ಗೀರುಗಳೂ ಇರುತ್ತವೆ; ಅವು ರಕ್ತನಾಳಗಳು ಹಾದುಹೋದ ಜಾಡು. ಸೆಲ್ಯುಲಾಯ್ಡಿನ ನಕಲಿ ದಂತದಲ್ಲಿ ಗೆರೆಗಳೆಲ್ಲ ಒಂದೇ ಸಮನಾಗಿರುತ್ತವೆ. ಬಟ್ಟೆಯಿಂದ ಚೆನ್ನಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಕಡವೆಯ ಕೊಂಬಿಗೆ ಮರದ ತೊಗಟೆಯಂಥ ಒರಟು ಹೊರಮೈ, ರಂಧ್ರಗಳಿಂದ ಕೂಡಿದ ಒಳಭಾಗ. ಕಾದ ಸೂಜಿಯನ್ನು ಚುಚ್ಚಿ ನೋಡಿ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ಆ ಕಲೆ ಮತ್ತೆ ಹೋಗದು.

ರಿವಾಲ್ವರಿನ ಹಿಡಿಗೆ ಇನ್ನೊಂದು ಪರೀಕ್ಷೆಯುಂಟು. ವೆಬ್ಲಿ ರಿವಾಲ್ವರುಗಳು ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಕರಿಯ ಗಟ್ಟಿ ರಬ್ಬರಿನ, ಚೌಕುಳಿ ಕೊರೆದ ಹಿಡಿಯನ್ನು ತೊಟ್ಟಿರುತ್ತಿದ್ದವು. ದಂತ, ಕೊಂಬು, ಬೆಳ್ಳಿಯ ಹಿಡಿ ಕಂಡರೆ ಯಾರೋ ಬೇಕೆಂದು ಮಾಡಿಸಿದ್ದೆಂದು ಊಹಿಸಬಹುದು. ಹೋಳಿನ ಒಳಮೈ ತಿರುಗಿಸಿ ನೋಡಿ. ಕೋಲ್ಟ್, ಸ್ಮಿತ್ ಆಂಡ್ ವೆಸ್ಸನ್ ರಿವಾಲ್ವರುಗಳ ಸಂಖ್ಯೆಯನ್ನು ಅನೇಕ ವೇಳೆ ಅಲ್ಲಿ ಸೀಸದಕಡ್ಡಿಯಿಂದ ಬರೆದೋ ಒತ್ತಿಯೋ ಇರುತ್ತಿದ್ದರು. ಆ ಸಂಖ್ಯೆ ಹಿಡಿಯ ಜಾತಕವಿದ್ದಂತೆ. ಒರಸಿ ಹೊಳಪು ಕೊಡುವ ಉತ್ಸಾಹದಲ್ಲಿ ಅಳಿಸಬಾರದು.

ಹಿಡಿಗೆ ಬೆಲೆ ಬರುವುದು ಪದಾರ್ಥವೊಂದರಿಂದಲೇ ಅಲ್ಲ. ಕೆಲಸದ ನಯ, ತನ್ನ ಆಯುಧದೊಡನೆ ಅದಕ್ಕಿರುವ ಹೊಂದಿಕೆ, ಯಾರದೆಂಬ ದಾಖಲೆ, ಇವು ಮೂರೂ ಕೂಡಬೇಕು. ಅಮೆರಿಕದ ಸೇನಾಪತಿ ಪ್ಯಾಟನ್ 1916ರಲ್ಲಿ ಕೊಂಡ ಕೋಲ್ಟ್ ರಿವಾಲ್ವರಿನ ಹಿಡಿ ದಂತದ್ದು. ಅದರ ಮೇಲೆ ಆತನ ಹೆಸರಿನ ಮೊದಲಕ್ಷರಗಳಿವೆ. ಆ ಅಕ್ಷರಗಳೂ ಆ ರಿವಾಲ್ವರೂ ಜೊತೆಗಿಲ್ಲದಿದ್ದರೆ ಅದೂ ಎರಡು ಬಿಳಿಯ ಹೋಳು ಮಾತ್ರ. ಅಹಮದಾಬಾದಿನಲ್ಲಿ ಸಾಬರಮತಿಯ ದಡದ ಭಾನುವಾರದ ಗುಜರಿಗೆ ಹೋದವರು ಹಳೆಯ ಸಾಮಾನುಗಳು ಜೊತೆಯನ್ನೂ ಹೆಸರನ್ನೂ ಕಳೆದುಕೊಂಡು ರಾಶಿಬಿದ್ದಿರುವುದನ್ನು ಕಂಡಿರಬಹುದು. ಅಲಗಿನಿಂದ ಹಿಡಿಯನ್ನು ಕಿತ್ತವರು ಎರಡರ ಬೆಲೆಯನ್ನೂ ಕಳೆಯುತ್ತಾರೆ.

ವಡೋದರದಲ್ಲಿರುವ ನಮ್ಮವರ ಒಂದು ಮನೆಯ ಸಂಗತಿ ಹೇಳುತ್ತೇನೆ. ಆ ಮನೆಯಾಕೆಯ ಅಜ್ಜ ಮೈಸೂರು ಸಂಸ್ಥಾನದ ಪೋಲೀಸಿನಲ್ಲಿದ್ದವರು. ಕೆಲಸ ಬಿಡುವಾಗ ರಿವಾಲ್ವರನ್ನು ಒಪ್ಪಿಸಿ, ಸ್ವಂತ ಖರ್ಚಿನಿಂದ ಮಾಡಿಸಿಕೊಂಡಿದ್ದ ಗಂಡಭೇರುಂಡದ ಹಿಡಿಯನ್ನು ಮಾತ್ರ ಉಳಿಸಿಕೊಂಡಿದ್ದರು. ಮಗನ ಕಾಲೇಜಿನ ಫೀಸಿಗಾಗಿ ಆಕೆ ಅದನ್ನು ಮಾರಹೊರಟಾಗ, “ಬೇನ್, ಇದು ಬರೀ ಎಲುಬು” ಎಂದು ವ್ಯಾಪಾರಿ ಎರಡು ಸಾವಿರ ರೂಪಾಯಿ ಹೇಳಿದ. ಭೂತಗನ್ನಡಿಯಲ್ಲಿ ನೋಡಿದರೆ ಬಲೆಯ ಗೆರೆಗಳು ಸ್ಪಷ್ಟವಾಗಿ ಕಂಡವು. ಆಕೆಯ ಮುಖ ಅರಳಿತು. ಆದರೆ ದಂತವೆಂದು ತಿಳಿದ ಮೇಲೆ ಮಾರುವ ಹಾಗೇ ಇಲ್ಲವೆಂದೂ ಹೇಳಬೇಕಾಯಿತು. ಬಳೆಗಳನ್ನು ಅಡವಿಟ್ಟು ಫೀಸು ಕಟ್ಟಿದರು. ಎರಡು ಸಾವಿರಕ್ಕೆ ಕೊಟ್ಟಿದ್ದರೆ ಅಜ್ಜನ ವಸ್ತುವೂ ಹೋಗಿ, ಅಪರಾಧವೂ ತಲೆಗೆ ಬರುತ್ತಿತ್ತು.

ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ದಂತದ ವ್ಯಾಪಾರವನ್ನೂ, 1991ರದು ಹೊರನಾಡಿನ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ಕಡವೆಯ ಕೊಂಬನ್ನೂ ಮಾರುವಂತಿಲ್ಲ. ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸಬಾರದೆಂದು 1972ರ ಇನ್ನೊಂದು ಕಾಯಿದೆ ಹೇಳುತ್ತದೆ. 1959ರ ಆಯುಧ ಕಾಯಿದೆಯು ಆಯುಧದ ಬಿಡಿಭಾಗಗಳನ್ನೂ ಆಯುಧವೆಂದೇ ಎಣಿಸುತ್ತದೆ. ಆದುದರಿಂದ ದಂತ, ಕೊಂಬುಗಳ ವಿಷಯಕ್ಕೆ ಅರಣ್ಯ ಇಲಾಖೆಯನ್ನೂ, ರಿವಾಲ್ವರಿನ ಭಾಗವಾದರೆ ಆಯುಧ ಪರವಾನಗಿಯ ಕಚೇರಿಯನ್ನೂ ವಿಚಾರಿಸಿಯೇ ಮುಂದಿನ ಹೆಜ್ಜೆ ಇಡುವುದು ಕ್ಷೇಮ.

ಇನ್ನೊಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಹಿಡಿಯ ಎರಡೂ ಮೈಗಳ ಚಿತ್ರ ತೆಗೆದು, ಯಾರದು, ಯಾವ ಊರಿನದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಡಿ. ಮನೆಯ ಹಿರಿಯರು ಹೇಳಲು ಶಕ್ತರಾಗಿರುವಾಗಲೇ ಇದನ್ನು ಮಾಡಬೇಕು.