ಅರ್ಥತತ್ತ್ವಗಳೂ ದೇಶಕಾಲಗಳೂ

ಅರ್ಥಶಾಸ್ತ್ರದ ತತ್ತ್ವಗಳು ಗಣಿತಸೂತ್ರಗಳಂತೆ ಸರ್ವದೇಶಗಳಿಗೂ ಸಮನಾಗಿ ಅನ್ವಯಿಸುವುವೆಂದು ನಂಬುವ ವಿದ್ಯಾವಂತರು ಕಡಮೆಯಿಲ್ಲ. ಆ ಶಾಸ್ತ್ರದ ಚರಿತ್ರೆಯೇ ಈ ನಂಬಿಕೆಗೆ ಉತ್ತರವಾಗಿದೆ.

1817ರಲ್ಲಿ ಇಂಗ್ಲೆಂಡಿನ ರಿಕಾರ್ಡೋ ಪಂಡಿತನು ಒಂದು ಲೆಕ್ಕವನ್ನು ಮುಂದಿಟ್ಟನು. ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಆಳು, ಪೋರ್ತುಗಲ್ಲಿನಲ್ಲಿ 90. ದ್ರಾಕ್ಷಾಮದ್ಯಕ್ಕೆ ಇಂಗ್ಲೆಂಡಿನಲ್ಲಿ 120, ಪೋರ್ತುಗಲ್ಲಿನಲ್ಲಿ 80. ಹೀಗಿದ್ದರೂ ಇಂಗ್ಲೆಂಡು ಬಟ್ಟೆಯನ್ನೂ ಪೋರ್ತುಗಲ್ಲು ಮದ್ಯವನ್ನೂ ಮಾಡಿ ವಿನಿಮಯ ಮಾಡಿಕೊಂಡರೆ ಇಬ್ಬರಿಗೂ ಲಾಭವೆಂದನು. ಲೆಕ್ಕವು ನಿರ್ದುಷ್ಟವೇ ಸರಿ. ಆದರೆ ನಾಳೆ ಯಾರು ಯಾವ ಕಸುಬನ್ನು ಕಲಿಯಬಲ್ಲರೆಂಬುದು ಅದರಲ್ಲಿ ಸೇರಿಲ್ಲ. ಇಂಗ್ಲೆಂಡು ತಾನೇ 1700 ಮತ್ತು 1721ರ ಶಾಸನಗಳಿಂದ ನಮ್ಮ ಚೀಟಿಬಟ್ಟೆಗಳನ್ನು ತಡೆದು ತನ್ನ ಕಸುಬನ್ನು ಕಾಪಾಡಿಕೊಂಡಿತ್ತಷ್ಟೆ!

1841ರಲ್ಲಿ ಜರ್ಮನಿಯ ಲಿಸ್ಟನು, ಎಳೆಯ ಸಸಿಗೆ ಬೇಲಿಯಂತೆ ಹೊಸ ಕೈಗಾರಿಕೆಗೆ ಕೆಲಕಾಲ ಸುಂಕದ ರಕ್ಷಣೆಯು ಬೇಕೆಂದು ವಾದಿಸಿದನು. ಆದರೆ ಉಷ್ಣದೇಶಗಳಿಗೆ ಕೈಗಾರಿಕೆಯು ಒಗ್ಗದೆಂದೇ ಅವನ ಎಣಿಕೆ. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಣ ಮಾಡಿದ ನ್ಯಾಯಮೂರ್ತಿ ರಾನಡೆಯವರು, ನಾವು ಕಚ್ಚಾ ಸರಕನ್ನೇ ಬೆಳೆಯತಕ್ಕವರೆಂಬ ವಿಭಾಗವನ್ನು ಒಪ್ಪಲಿಲ್ಲ.

ಬೇಲಿಯು ಶಾಶ್ವತವಾದರೆ ಆಲಸ್ಯವನ್ನು ಸಾಕುವುದೆಂಬುದನ್ನು ನಾವು ಬಲ್ಲೆವು. ನಾವು ಹೇಳುವುದಿಷ್ಟೆ: ಯಾವ ತತ್ತ್ವವನ್ನಾದರೂ ಅನುಸರಿಸುವ ಮುನ್ನ ಅಧಿಕಾರಿಗಳು ಅದು ಯಾವ ನೆಲದಲ್ಲಿ, ಯಾರ ಅನುಕೂಲಕ್ಕೆ ಹುಟ್ಟಿತೆಂದು ವಿಚಾರಿಸಲಿ.